ಏಳು ನಿಮಿಷ

ಮಾರ್ಚ್ ತಿಂಗಳು. ವಿರ್ತ್ಸು ಬಂದರಿನಲ್ಲಿ ಮಂಜುಗಡ್ಡೆ
ಇನ್ನೂ ದಡ ಬಿಟ್ಟಿರಲಿಲ್ಲ.
ಮುಹು ದ್ವೀಪದ ಎಂಡೆಲ್ ನುರ್ಕ್, ಬಲೆ ರಿಪೇರಿಯವನು,
ಫೆರಿ ಟಿಕೆಟ್ಟನ್ನು ಕೌಂಟರಿನ ಮೇಲಿಟ್ಟು ಕೇಳಿದನಂತೆ:
ನನ್ನ ಹೆಸರಿನ ಬಾಲಕ್ಕೆ ಇದ್ಯಾರ ಮಾತು ಅಂಟಿದೆ?

ಅವನ ಹೆಸರು, ಊರು, ಗಾಡಿಯ ನಂಬರು.
ಅದಾದ ಮೇಲೆ, ಅದೇ ಅಚ್ಚಿನಲ್ಲಿ, ಉಸಿರು ಬಿಡದೆ:
‘ಟಕಿ ಪಕ್ಕ ಕೂರಿಸಿ, ಅಮ್ಮನಿಗೆ ಇದು ಕೊನೆಯ ಸ’

ಫೋನು ತಾರ್ತುವಿಗೆ ಬಂತು, ನನ್ನ ಮೇಜಿಗೆ.
ಹುಡುಕಿದೆ. ಸಾಲು ಸಿಕ್ಕಿತು. ಬರೆದವಳು ನಾನೇ,
ಎರಡು ವರ್ಷದ ಕೆಳಗೆ, ಯಾನಿಪಾಯ್ವದ ಹಿಂದಿನ ವಾರ,
ನಾಡಿಗೆ ನಾಡೇ ಬೆಂಕಿಯ ಸುತ್ತ ಕುಣಿಯಲು ದ್ವೀಪಗಳಿಗೆ ಹೊರಟು
ಸರ್ವರು ಏದುಸಿರು ಬಿಡುತ್ತಿದ್ದಾಗ.

ಬಫರ್ ಬೇಕಿತ್ತು, ಬೇಗ ಬೇಕಿತ್ತು.
ಅಲೊಕ್ ಎಂದರೆ ಯಂತ್ರ ಮೊದಲು ಸೊನ್ನೆ ಬಳಿಯುತ್ತದೆ
ಮೂಲೆಮೂಲೆಗೆ, ಸುಣ್ಣದ ಹಾಗೆ; ಆಮೇಲೆ ಕೊಡುತ್ತದೆ.
ಅಲೊಕ್‌ಅನ್‌ಸೇಫ್ ಎಂದರೆ ಕೀಲಿ ಎಸೆಯುತ್ತದೆ, ಅಷ್ಟೆ:
ತಗೋ, ಒಳಗೇನಿದೆಯೋ ನಾನು ನೋಡಿಲ್ಲ.
ಹೆಸರಿನಲ್ಲೇ ಎಚ್ಚರಿಸಿದ್ದರು.
ಸಿಗರೇಟು ಪೊಟ್ಟಣದ ಮೇಲೂ ಎಚ್ಚರಿಸಿರುತ್ತಾರೆ.

ನಮ್ಮ ಭಾಷೆಯಲ್ಲಿ ನೆತ್ತಿಯ ಮೇಲೆ ಚುಕ್ಕಿ ಹೊತ್ತ ಅಕ್ಷರಗಳಿವೆ.
ಒಂದೊಂದಕ್ಕೂ ಎರಡು ಬೈಟು ಜಾಗ ಬೇಕು,
ಚಳಿಗಾಲದ ಕೋಟು ತೊಟ್ಟು ಬಸ್ಸು ಹತ್ತಿದವರ ಹಾಗೆ.
ಯಾರಿಗೂ ಇಕ್ಕಟ್ಟಾಗದಿರಲೆಂದು
ಪ್ರತಿ ಅಕ್ಷರಕ್ಕೂ ಎರಡೆರಡು ತೆಗೆದಿರಿಸಿದೆ.
ಎಂಡೆಲ್ ನುರ್ಕನ ಹೆಸರಲ್ಲಿ, ಊರಲ್ಲಿ, ಒಂದೂ ಚುಕ್ಕಿಯಿಲ್ಲ.
ಅರ್ಧ ಜಾಗ ಖಾಲಿ ಉಳಿಯಿತು.
ಖಾಲಿ ಅಂದುಕೊಂಡೆ.

ಅಮ್ಮ ಹೆಲ್ಯು ಸ್ಟಾಕ್‌ಹೋಮ್ ಹಡಗಿನಲ್ಲಿ
ಹತ್ತೊಂಬತ್ತು ವರ್ಷ ಕ್ಯಾಬಿನ್ ಗುಡಿಸಿದವಳು.
ಕೋಣೆಗೆ ಏಳು ನಿಮಿಷ. ಮೇಲ್ವಿಚಾರಕ ಹೇಳುತ್ತಿದ್ದನಂತೆ:
ಹೊದಿಕೆ ಎಳೆದು ಸರಿಮಾಡು, ಸಾಕು. ಸುಕ್ಕು ಕಂಡರೆ ತಾನೇ
ಯಾರೋ ಮಲಗಿ ಎದ್ದದ್ದು ಗೊತ್ತಾಗುವುದು.
ಅಮ್ಮ ಪ್ರತಿ ಸಲವೂ ಹಾಸಿಗೆ ಬಿಚ್ಚಿದಳು.
ಬೈಸಿಕೊಂಡಳು. ಒಂದು ಡಿಸೆಂಬರಿನಲ್ಲಿ ಸಂಬಳವೂ ಕಡಿತ.
ದಿಂಬಿನಡಿ ಸಿಕ್ಕಿದವು: ಒಂದು ಹಲ್ಲಿನ ಸೆಟ್ಟು, ಮಗುವಿನ ಕಾಲುಚೀಲ,
ನಾಲ್ಕು ಮಡಿಕೆಯ ಒಂದು ಕಾಗದ, ಯಾರೋ ಯಾರಿಗೋ ಬರೆದದ್ದು.
ಓದಿದೆಯಾ ಎಂದು ಕೇಳಿದ್ದೆ, ಚಿಕ್ಕವಳಿದ್ದಾಗ.
‘ಓದೋದಕ್ಕೆ ಹೋಗಿದ್ನೇನೇ ನಾನು?’

ನಾನು ಓದಿದೆ. ಲಾಗಿನಲ್ಲಿ, ಮತ್ತೆ ಮತ್ತೆ.
ಕೊನೆಯ ಸ.
ಸಲವೋ? ಸಮುದ್ರವೋ? ಸಂಜೆಯೋ?
ಬೈಟುಗಳು ಅಲ್ಲಿಗೆ ಮುಗಿದಿದ್ದವು; ಆಚೆಗೆ
ಇನ್ಯಾರದೋ ಕಾರಿನ ಉದ್ದ, ಮೀಟರುಗಳಲ್ಲಿ.

ಅಳಿಸಿದೆವು ಎನ್ನುತ್ತೇವೆ. ಯಂತ್ರ ಅಳಿಸುವುದಿಲ್ಲ,
ಬಾಗಿಲಿನ ಫಲಕ ತಿರುಗಿಸುತ್ತದೆ: ಕೋಣೆ ಇದೆ, ಬನ್ನಿ.
ನೆನಪು ಎಂಬ ಹೆಸರು ಅದಕ್ಕೆ ಸುಮ್ಮನೆ ಬಂದದ್ದಲ್ಲ.
ಮರೆಯುವುದಕ್ಕೆ ಅದೂ ಮೈಮುರಿದು ದುಡಿಯಬೇಕು.

ಆರು ಅಕ್ಷರ ತೆಗೆದೆ. ಗ್ರಾಫಿನ ಗೆರೆ
ಕೂದಲೆಳೆಯಷ್ಟು ಮೇಲೆದ್ದಿತು.
ರೈವೋ ಕಾಫಿ ಲೋಟ ಹಿಡಿದು ಬಂದು ಬಗ್ಗಿ ನೋಡಿದ.
ನಿಧಾನವಾಯಿತಲ್ಲ?
ಹೌದು ಎಂದೆ. ಏಳು ನಿಮಿಷವೇ ಬೇಕು.
ಅವನಿಗೆ ಅರ್ಥವಾಗಲಿಲ್ಲ; ನಾನು ಬಿಡಿಸಿ ಹೇಳಲಿಲ್ಲ.

ಕ್ಷಮೆ ಕೇಳಲು ಮುಹುವಿಗೆ ಫೋನು ಮಾಡಿದೆ.
ಬೈಟು, ಬಫರು ಅವನಿಗೆ ಬೇಕಿರಲಿಲ್ಲ.
ಆ ಅಮ್ಮನಿಗೆ ಕಿಟಕಿ ಸಿಕ್ಕಿತೇ? ಎಂದ.
ಗೊತ್ತಿಲ್ಲ ಎಂದೆ. ಗಾಳಿಯ ಸದ್ದು, ಒಂದು ನಾಯಿಯ ಸದ್ದು.
ಈಗೀಗ ನಾನು ನಡುವಿನ ಸಾಲಲ್ಲಿ ಕೂರುತ್ತೇನೆ, ಎಂದ.

ಆ ಟಿಕೆಟ್ಟು ದಯವಿಟ್ಟು ವಾಪಸು ಕಳಿಸಿ,
ನಾಶ ಮಾಡಬೇಕು, ಕಾನೂನಿದೆ, ಎಂದೆ.
ಆಗಲಿ, ಕಳಿಸುತ್ತೇನೆ, ಎಂದ.

ಇದು ಅಕ್ಟೋಬರ್. ಇನ್ನೂ ಬಂದಿಲ್ಲ.